ಭೈಷಜ್ಯದಾನ: ಮನೋವ್ಯಾಧಿ ಮತ್ತು ವೇದನೆಯ ಔಷಧಗಳ ಇತಿಹಾಸ

ಕೊಪ್ಪಳವನ್ನು ಪ್ರಾಚೀನ ಶಾಸನಗಳು ಕೊಪಣ ಮಹಾತೀರ್ಥವೆಂದು ಕರೆದಿವೆ. ಇಲ್ಲಿಯ ಬೆಟ್ಟ-ಬಂಡೆಗಳಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಮುನಿಗಳ ಮತ್ತು ಶ್ರಾವಕ-ಶ್ರಾವಿಕೆಯರ ಸ್ಮರಣೆ ಇಂದಿಗೂ ಉಳಿದಿದೆ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ ದಂಡನಾಯಕನು 12ನೆಯ ಶತಮಾನದಲ್ಲಿ ಕೊಪಣದ ಮುನಿಸಂಘದ ಸಲುವಾಗಿ ಚಿನ್ನ ಕೊಟ್ಟು ಭೂಮಿಯನ್ನು ಕೊಂಡು ದತ್ತಿ ಬಿಟ್ಟನು. ಒಂದು ದಿನದ ಆಹಾರವನ್ನು ಯಾರಾದರೂ ಕೊಡಬಲ್ಲರು. ದಾನವು ನಾಳೆಯೂ ನಿಲ್ಲಬಾರದೆಂದು ಭೂಮಿಯನ್ನೇ ಬಿಟ್ಟುಕೊಡುವುದು ದೂರದೃಷ್ಟಿಯ ದಾನ. ನಿರಂತರತೆಯೇ ಅದರ ಜೀವಾಳ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಕರ್ನಾಟಕದ ಜೈನ ಶಾಸನಗಳು ಮತ್ತೆ ಮತ್ತೆ ಹೇಳುತ್ತವೆ. ಇವುಗಳಲ್ಲಿ ಭೈಷಜ್ಯದಾನ ಅಥವಾ ಔಷಧದಾನವು ಇಂದು ಹೆಚ್ಚಾಗಿ ಕಣ್ಣಿನ ಚಿಕಿತ್ಸಾ ಶಿಬಿರ, ರಕ್ತದಾನ, ಮಧುಮೇಹ ತಪಾಸಣೆಗಳ ರೂಪದಲ್ಲಿ ನಡೆಯುತ್ತಿದೆ. ಇವೆಲ್ಲವೂ ಸ್ತುತ್ಯವೇ. ಆದರೆ ಕಣ್ಣಿಗೆ ಕಾಣದ ಎರಡು ವ್ಯಾಧಿಗಳಿಗೆ, ಅಂದರೆ ಮನಸ್ಸಿನ ಕಾಯಿಲೆಗೆ ಮತ್ತು ಬಿಡದೆ ಕಾಡುವ ನೋವಿಗೆ, ಈ ದಾನದಲ್ಲಿ ಸ್ಥಾನ ದೊರೆತದ್ದು ತೀರ ಕಡಿಮೆ. ಮನೆಯವರು ಅವನ್ನು ಮುಚ್ಚಿಡುತ್ತಾರೆ, ದಾನಿಗಳು ಕೇಳುವುದಿಲ್ಲ. ಈ ಎರಡು ವ್ಯಾಧಿಗಳ ಔಷಧಗಳು ಹೇಗೆ ಬಂದವು, ಅವು ಏನನ್ನು ಗುಣಪಡಿಸುತ್ತವೆ, ನಮ್ಮ ಸೀಮೆಗೆ ಅವು ಹೇಗೆ ತಲುಪಿದವು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಜೈನ ವೈದ್ಯಪರಂಪರೆ

ವೈದ್ಯಶಾಸ್ತ್ರವು ಜೈನಾಚಾರ್ಯರಿಗೆ ಹೊರಗಿನ ವಿಷಯವಾಗಿರಲಿಲ್ಲ. ಉಗ್ರಾದಿತ್ಯಾಚಾರ್ಯರು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಕಲ್ಯಾಣಕಾರಕ'ವು ಮದ್ಯ, ಮಾಂಸ, ಮಧು ಈ ಮೂರನ್ನೂ ಬಿಟ್ಟು ಚಿಕಿತ್ಸೆಯನ್ನು ನಿರೂಪಿಸಿದ ಮಹತ್ತ್ವದ ಗ್ರಂಥ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಮಾಂಸಸೇವನೆಯ ದೋಷವನ್ನು ಕುರಿತು ಮಾಡಿದ ಪ್ರತಿಪಾದನೆಯೂ ಅದರಲ್ಲಿ ಸೇರಿದೆ. 1940ರಲ್ಲಿ ಈ ಗ್ರಂಥವು ಸೋಲಾಪುರದಿಂದ ಅಚ್ಚಾಗಿ ಹೊರಬಂದಿತು. ಪೂಜ್ಯಪಾದರ ವೈದ್ಯಗ್ರಂಥವನ್ನು ಆಧರಿಸಿ ಜಗದ್ದಳ ಸೋಮನಾಥನು 12ನೆಯ ಶತಮಾನದಲ್ಲಿ 'ಕರ್ಣಾಟಕ ಕಲ್ಯಾಣಕಾರಕ'ವನ್ನು ಕನ್ನಡದಲ್ಲಿ ಬರೆದನು. ಚಾಲುಕ್ಯ ರಾಜವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ರಚಿಸಿದನು. ವಿಜಯನಗರದ ಕಾಲದ ಮಂಗರಾಜನ 'ಖಗೇಂದ್ರಮಣಿದರ್ಪಣ'ವು ವಿಷಚಿಕಿತ್ಸೆಗೆ ಮೀಸಲಾದದ್ದು. ರಾಜಸಭೆಯಿಂದ ಹಿಡಿದು ದನದ ಕೊಟ್ಟಿಗೆಯವರೆಗೆ ಈ ಪರಂಪರೆಯ ಕಾಳಜಿ ಹಬ್ಬಿತ್ತು.

ಕದಡಿದ ಮನಸ್ಸಿನ ಸಂಕಟವೂ ಹಿಂದಿನವರ ದೃಷ್ಟಿಗೆ ಬೀಳದೆ ಇರಲಿಲ್ಲ. ಇಂದ್ರನಂದಿಗಳು 939ರಲ್ಲಿ ಮಾನ್ಯಖೇಟದಲ್ಲಿ ರಚಿಸಿದ 'ಜ್ವಾಲಿನೀಕಲ್ಪ'ವು ಗ್ರಹಪೀಡಿತರ ವಿಷಯವನ್ನು ವಿಸ್ತಾರವಾಗಿ ಹೇಳುತ್ತದೆ. ಅಂದಿನ ತಿಳಿವಳಿಕೆಯಲ್ಲಿ ಅದಕ್ಕೆ ಮಂತ್ರವೇ ಮದ್ದು. ಇಂದಿನ ತಿಳಿವಳಿಕೆ ಬೇರೆಯಾಗಿದೆ. ಆದರೂ ಒಂದು ಅಂಶವನ್ನು ಗಮನಿಸಬೇಕು. ಆ ಗ್ರಂಥದ ಕಥೆಯಲ್ಲಿ ಬ್ರಹ್ಮರಾಕ್ಷಸ ಹಿಡಿದ ಶಿಷ್ಯೆಯನ್ನು ಗುರುಗಳು ಸಂಘದಿಂದ ಹೊರಗೆ ಹಾಕಲಿಲ್ಲ. ಅವಳ ಬಿಡುಗಡೆಗಾಗಿ ಶ್ರಮಪಟ್ಟರು. ಉಪಾಯವು ಕಾಲಕ್ಕೆ ತಕ್ಕಂತೆ ಬದಲಾದೀತು, ಕೈಬಿಡದಿರುವ ಧರ್ಮ ಬದಲಾಗುವುದಿಲ್ಲ.

ಮನೋವ್ಯಾಧಿಯ ಔಷಧಗಳು

ಆಧುನಿಕ ಮನೋವೈದ್ಯದ ಮೊದಮೊದಲ ಔಷಧಗಳಲ್ಲಿ ಒಂದು ಭಾರತದ ಕಾಡಿನಿಂದಲೇ ಬಂದಿತೆಂಬುದು ಹಲವರಿಗೆ ತಿಳಿಯದು. ಸರ್ಪಗಂಧಿಯ ಬೇರನ್ನು ನಮ್ಮ ನಾಡವೈದ್ಯರು ಹಿಂದಿನಿಂದಲೂ ಬಲ್ಲರು. 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವಂಗದೇಶದ ವೈದ್ಯರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಅದು ಉಪಯುಕ್ತವೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಕೆಲವೇ ವರ್ಷಗಳಲ್ಲಿ ಹೆಚ್ಚು ಪರಿಣಾಮಕಾರಿಯಾದ ಔಷಧಗಳು ಬಂದು ಅದರ ಸ್ಥಾನವನ್ನು ಆಕ್ರಮಿಸಿದವು.

ಅವುಗಳಲ್ಲಿ ಮೊದಲನೆಯದು ಕ್ಲೋರ್‌ಪ್ರೊಮಝಿನ್. 1950ರ ಡಿಸೆಂಬರಿನಲ್ಲಿ ಫ್ರಾನ್ಸಿನಲ್ಲಿ ತಯಾರಾದ ಇದನ್ನು 1952ರಲ್ಲಿ ಪ್ಯಾರಿಸಿನ ವೈದ್ಯರಾದ ದಿಲೇ ಮತ್ತು ದೆನಿಕೆರ್ ಮನೋರೋಗಿಗಳಿಗೆ ಕೊಟ್ಟು ನೋಡಿದರು. ಇಲ್ಲದ ದನಿಗಳನ್ನು ಕೇಳುವುದು, ಎಲ್ಲರೂ ತನ್ನ ಮೇಲೆ ಸಂಚು ಹೂಡಿದ್ದಾರೆಂದು ನಂಬುವುದು ಮುಂತಾದ ಲಕ್ಷಣಗಳುಳ್ಳ ಸ್ಕಿಜೋಫ್ರೀನಿಯಾ ಎಂಬ ಚಿತ್ತವಿಕಲತೆಗೆ ಇದು ಮದ್ದಾಯಿತು. 1958ರಲ್ಲಿ ಬೆಲ್ಜಿಯಂ ದೇಶದಲ್ಲಿ ಸಿದ್ಧವಾದ ಹ್ಯಾಲೊಪೆರಿಡಾಲ್ ಅದೇ ವ್ಯಾಧಿಗೆ ಬಳಕೆಯಾಗುತ್ತದೆ. ಈ ಮದ್ದುಗಳಿಂದ ಕೈನಡುಕ, ಮೈಬಿಗಿತ ಉಂಟಾದರೆ ಅದನ್ನು ತಗ್ಗಿಸಲು ಟ್ರೈಹೆಕ್ಸಿಫೆನಿಡಿಲ್ ಎಂಬ ಮಾತ್ರೆಯನ್ನು ಕೊಡುವುದುಂಟು.

ಒಮ್ಮೆ ಅತಿಯಾದ ಉತ್ಸಾಹ-ಉದ್ರೇಕ, ಇನ್ನೊಮ್ಮೆ ಆಳವಾದ ಕುಸಿತ, ಹೀಗೆ ಎರಡು ತುದಿಗಳ ನಡುವೆ ತೂಗಾಡುವ ಕಾಯಿಲೆಗೆ ಲೀಥಿಯಂ ಎಂಬ ಲವಣವು ಉಪಯುಕ್ತವೆಂದು 1949ರಲ್ಲಿ ಆಸ್ಟ್ರೇಲಿಯದ ಜಾನ್ ಕೇಡ್ ತೋರಿಸಿಕೊಟ್ಟರು. ಅದರ ಪ್ರಮಾಣವು ರಕ್ತದಲ್ಲಿ ಸ್ವಲ್ಪ ಹೆಚ್ಚಾದರೂ ಅಪಾಯವಿರುವುದರಿಂದ ಆಗಾಗ ರಕ್ತಪರೀಕ್ಷೆ ಮಾಡಿಸಲೇಬೇಕು. ಖಿನ್ನತೆಗೆ ಇಮಿಪ್ರಮಿನ್ ಎಂಬ ಔಷಧವು ಉಪಕಾರಿಯೆಂದು ಸ್ವಿಟ್ಜರ್ಲೆಂಡಿನ ರೋಲಾಂಡ್ ಕೂನ್ 1957ರಲ್ಲಿ ಪ್ರಕಟಿಸಿದರು. ಅದರ ಬೆನ್ನಿಗೇ ಅಮಿಟ್ರಿಪ್ಟಿಲಿನ್ ಬಂದಿತು. ಅಡ್ಡಪರಿಣಾಮ ಕಡಿಮೆಯಿರುವ ಫ್ಲುಯಾಕ್ಸೆಟಿನ್ ಮೊದಲಾದವು 1980ರ ದಶಕದ ಕೊನೆಯಿಂದ ಪ್ರಚಾರಕ್ಕೆ ಬಂದವು; ಗೀಳು ಮನೋರೋಗಕ್ಕೂ ಆತಂಕಕ್ಕೂ ಅವು ಸಲ್ಲುತ್ತವೆ. ಖಿನ್ನತೆಯ ಮಾತ್ರೆಗಳು ನುಂಗಿದ ದಿನವೇ ಫಲ ಕೊಡುವುದಿಲ್ಲ. ಎರಡು ವಾರದಿಂದ ಆರು ವಾರದವರೆಗೆ ಕಾಯಬೇಕಾಗುತ್ತದೆ. ಅಷ್ಟರೊಳಗೆ ಪ್ರಯೋಜನವಿಲ್ಲವೆಂದು ಬಿಟ್ಟವರು ಅನೇಕರು. 1963ರಲ್ಲಿ ಬಂದ ಡಯಾಝೆಪಾಮ್‌ನಂಥ ಆತಂಕ-ನಿದ್ರೆಯ ಮಾತ್ರೆಗಳದು ಇದಕ್ಕೆ ವಿರುದ್ಧವಾದ ಸ್ವಭಾವ: ಒಡನೆ ಹಿತವೆನಿಸುತ್ತವೆ, ಬಹುಕಾಲ ಸೇವಿಸಿದರೆ ಚಟವಾಗುತ್ತವೆ. ಎರಡನ್ನೂ ಒಂದೇ ಎಂದು ಭಾವಿಸಿ 'ತಲೆಯ ಮಾತ್ರೆ'ಗಳೆಲ್ಲ ಚಟ ಹಿಡಿಸುತ್ತವೆಂದು ಹೆದರುವುದು ತಪ್ಪು.

ವೇದನೆಯ ಔಷಧಗಳು

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರ್ತಧ್ಯಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ. ಅವುಗಳಲ್ಲಿ ವೇದನೆಯಿಂದ ಹುಟ್ಟುವ ಆರ್ತಧ್ಯಾನವೂ ಒಂದು. ನೋವು ಮನಸ್ಸನ್ನು ತನ್ನೆಡೆಗೇ ಸೆಳೆದುಕೊಂಡು ಬೇರೆ ಚಿಂತನೆಗೆ ಎಡೆಗೊಡುವುದಿಲ್ಲವೆಂಬ ಸತ್ಯವನ್ನು ಆಚಾರ್ಯರು ಕಂಡುಕೊಂಡಿದ್ದರು. ಆದುದರಿಂದ ಒಬ್ಬನ ನೋವನ್ನು ತಗ್ಗಿಸುವುದು ಅವನ ಶರೀರಕ್ಕೆ ಮಾಡಿದ ಉಪಕಾರವಾಗುವಂತೆ ಅವನ ಪರಿಣಾಮಶುದ್ಧಿಗೂ ಸಹಾಯವಾಗುತ್ತದೆ.

ಅಫೀಮಿನಿಂದ ಮಾರ್ಫಿನ್ ಎಂಬ ಸತ್ತ್ವವನ್ನು 19ನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಬೇರ್ಪಡಿಸಿದನು. 1899ರಲ್ಲಿ ಆಸ್ಪಿರಿನ್ ಮಾರುಕಟ್ಟೆಗೆ ಬಂದಿತು. 1893ರಲ್ಲಿಯೇ ರೋಗಿಗಳ ಮೇಲೆ ಪ್ರಯೋಗವಾಗಿದ್ದ ಪ್ಯಾರಾಸಿಟಮಾಲ್ 1950ರ ದಶಕದಲ್ಲಿ ಮನೆಮಾತಾಯಿತು. 1960ರ ದಶಕದಲ್ಲಿ ಐಬುಪ್ರೊಫೆನ್, 1970ರ ದಶಕದಲ್ಲಿ ಡೈಕ್ಲೊಫೆನಾಕ್ ಬಂದವು. ಜ್ವರ, ತಲೆನೋವು, ಮೈಕೈನೋವಿಗೆ ಪ್ಯಾರಾಸಿಟಮಾಲ್ ಸಾಕು. ಮಿತಿಮೀರಿದರೆ ಯಕೃತ್ತಿಗೆ ಹಾನಿ. ಊತದಿಂದ ಕೂಡಿದ ಸಂಧಿನೋವಿಗೆ ಐಬುಪ್ರೊಫೆನ್, ಡೈಕ್ಲೊಫೆನಾಕ್ ಸಲ್ಲುತ್ತವೆ; ತಿಂಗಳುಗಟ್ಟಲೆ ಸ್ವೇಚ್ಛೆಯಿಂದ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಕೇಡು. ಅರ್ಬುದರೋಗದ ಕಡುನೋವಿಗೆ ಮಾರ್ಫಿನ್ ಇಂದಿಗೂ ಶ್ರೇಷ್ಠ ಮದ್ದು. 1985ರ ಮಾದಕವಸ್ತು ಕಾಯಿದೆಯ ಕಟ್ಟುಪಾಡುಗಳಿಂದ ಅದು ರೋಗಿಗಳಿಗೆ ದೊರೆಯುವುದೇ ದುಸ್ತರವಾಗಿತ್ತು. 2014ರ ತಿದ್ದುಪಡಿಯು ಆ ಕಟ್ಟನ್ನು ಸಡಿಲಿಸಿತು.

ಮನಸ್ಸಿನ ಮದ್ದಿಗೂ ನೋವಿನ ಮದ್ದಿಗೂ ನಡುವೆ ಗೋಡೆಯಿಲ್ಲ. ಖಿನ್ನತೆಗೆಂದು ಬಂದ ಅಮಿಟ್ರಿಪ್ಟಿಲಿನ್ ಅಲ್ಪ ಪ್ರಮಾಣದಲ್ಲಿ ನರಗಳ ಉರಿನೋವಿಗೂ ಅರೆದಲೆನೋವನ್ನು ತಡೆಯುವುದಕ್ಕೂ ಸಲ್ಲುತ್ತದೆ. ಮೂರ್ಛೆರೋಗದ ಕಾರ್ಬಮಝೆಪಿನ್ ಮುಖದ ನರದ ಸಿಡಿತಕ್ಕೂ, ಮನಸ್ಸಿನ ಅತಿ ಉದ್ರೇಕಕ್ಕೂ ಮದ್ದು. ಸೊಂಟನೋವೆಂದು ಹೋದವರಿಗೆ ವೈದ್ಯರು 'ಮನಸ್ಸಿನ ಮಾತ್ರೆ' ಬರೆದರೆ ಅದು ಅಪಮಾನವಲ್ಲ. ಶರೀರ ಮತ್ತು ಮನಸ್ಸು ಒಂದೇ ನರಮಂಡಲದ ಮೂಲಕ ನೋಯುತ್ತವೆ.

ನೋವಿನ ಔಷಧದ ಇತಿಹಾಸದಲ್ಲಿ ಅಹಿಂಸಾಧರ್ಮಿಗಳು ಮರೆಯಬಾರದ ಒಂದು ಪ್ರಸಂಗವಿದೆ. ಕುಂಟುವ, ಬಾತ ದನಗಳಿಗೆ ಕರುಣೆಯಿಂದ ಡೈಕ್ಲೊಫೆನಾಕ್ ಚುಚ್ಚುಮದ್ದು ಕೊಡುತ್ತಿದ್ದರು. ಅಂಥ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಗುಂಪುಗುಂಪಾಗಿ ಸತ್ತವು. ಕಾರಣವು 2004ರಲ್ಲಿ ಬೆಳಕಿಗೆ ಬಂದಿತು. 2006ರಲ್ಲಿ ಭಾರತ ಸರ್ಕಾರವು ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ಆ ವೇಳೆಗೆ ದೇಶದ ರಣಹದ್ದುಗಳಲ್ಲಿ ಬಹುಪಾಲು ಅಳಿದುಹೋಗಿದ್ದವು. ದನಗಳ ನೋವಿಗೆ ಮೆಲಾಕ್ಸಿಕಾಮ್ ಎಂಬ ಔಷಧವಿದೆ. ಅದರಿಂದ ರಣಹದ್ದುಗಳಿಗೆ ಕೇಡಿಲ್ಲ. ಗೋಶಾಲೆಗಳನ್ನು ನಡೆಸುವ ಟ್ರಸ್ಟುಗಳು ತಮ್ಮ ಪಶುವೈದ್ಯರನ್ನು ಈ ಬಗ್ಗೆ ಕೇಳಿ ತಿಳಿಯಬೇಕು. ಅರಿವಿಲ್ಲದ ಕರುಣೆಯೂ ಹಿಂಸೆಗೆ ದಾರಿಯಾಗಬಲ್ಲದು.

ಹೊಳೆಯ ಆಚೆಯ ಪ್ರಯೋಗ

ಔಷಧವು ಲೋಕದಲ್ಲಿ ಹುಟ್ಟಿದ ಮಾತ್ರಕ್ಕೆ ಹಳ್ಳಿಗೆ ಬಂದಂತಾಗಲಿಲ್ಲ. ಕೊಪ್ಪಳ ತಾಲ್ಲೂಕಿನ ಪಶ್ಚಿಮಕ್ಕೆ, ಮುಂಡರಗಿಯ ಕಡೆಗೆ ಇರುವ ಅಳವಂಡಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 1948ರವರೆಗೆ ಇದು ನಿಜಾಮರ ರಾಜ್ಯಕ್ಕೆ ಸೇರಿತ್ತು; ಆಮೇಲೆ ಬಹುಕಾಲ ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳವು ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 19ನೆಯ ಶತಮಾನದಿಂದ ನಡೆದುಬಂದ ಧಾರವಾಡದ ಮನೋರೋಗಿಗಳ ಆಸ್ಪತ್ರೆಯು ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಬೆಂಗಳೂರಿನ ಆಸ್ಪತ್ರೆಯು 1954ರಲ್ಲಿ ಅಖಿಲ ಭಾರತ ಸಂಸ್ಥೆಯೊಡನೆ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಗಿ ಹೆಸರಾಯಿತು. ಅದು ಇನ್ನೂ ದೂರ. ಒಮ್ಮೆ ಕಷ್ಟಪಟ್ಟು ಕರೆದೊಯ್ದು, ಒಂದು ತಿಂಗಳ ಮಾತ್ರೆ ತಂದು, ಅದು ಮುಗಿದಾಗ ಮತ್ತೆ ಹೋಗಲಾಗದೆ ರೋಗ ಮರುಕಳಿಸಿದರೆ, 'ಮದ್ದಿಗೆ ಬಗ್ಗದ ಕಾಯಿಲೆ' ಎಂಬ ಹೆಸರು ಬರುತ್ತದೆ. ಬಗ್ಗದಿರುವುದು ಕಾಯಿಲೆಯಲ್ಲ, ಮಧ್ಯದ ದಾರಿ.

ಈ ದೂರವನ್ನು ಕಡಿಮೆ ಮಾಡುವ ಪ್ರಯತ್ನವು ಅಳವಂಡಿಗೆ ಸಮೀಪದಲ್ಲಿಯೇ ನಡೆಯಿತು. ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿ ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಗ್ರಾಮೀಣ ಮನೋವೈದ್ಯ ಸೇವೆಯನ್ನು ಪರೀಕ್ಷಿಸಿ ನೋಡಿತ್ತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ರೂಪುಗೊಂಡಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಿ ನೋಡಲು ಆರಿಸಿಕೊಂಡದ್ದು ಬಳ್ಳಾರಿಯನ್ನು. 1985ರಿಂದ 1990ರವರೆಗೆ ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಡಲಾಯಿತು. ಬೆರಳೆಣಿಕೆಯ ಔಷಧಗಳನ್ನು ಮಾತ್ರ ಆರಿಸಿ ಕೇಂದ್ರಗಳಲ್ಲಿಯೇ ದೊರೆಯುವಂತೆ ಮಾಡಲಾಯಿತು: ಚಿತ್ತವಿಕಲತೆಗೆ, ಖಿನ್ನತೆಗೆ, ಮೂರ್ಛೆರೋಗಕ್ಕೆ ಬೇಕಾದ ಅಗ್ಗದ ಮದ್ದುಗಳು. ಯಾರಿಗೆ ಏನು ಕೊಟ್ಟಿತು, ಯಾರು ಮತ್ತೆ ಬರಲಿಲ್ಲ ಎಂಬುದರ ದಾಖಲೆಯನ್ನೂ ಇಡಲಾಯಿತು. ಬಾರದವರನ್ನು ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸಿದರು.

'ಬಳ್ಳಾರಿ ಮಾದರಿ' ಎಂದು ಪ್ರಸಿದ್ಧವಾದ ಈ ವ್ಯವಸ್ಥೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಹೊಸಪೇಟೆ, ಹೂವಿನಹಡಗಲಿಗಳು ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದವು. ತುಂಗಭದ್ರೆಯ ಈ ದಡದ ಕೊಪ್ಪಳ, ಯಲಬುರ್ಗಾ, ಕುಷ್ಟಗಿ, ಗಂಗಾವತಿಗಳು ಅದರ ಹೊರಗಿದ್ದವು. ಹೊಳೆಯ ಆ ದಡದಲ್ಲಿ ಹತ್ತಿರದ ಆರೋಗ್ಯ ಕೇಂದ್ರದಲ್ಲಿಯೇ ಸಿಗುತ್ತಿದ್ದ ಮಾತ್ರೆಗೆ ಈ ದಡದವರು ನೂರು ಕಿಲೋಮೀಟರು ಹೋಗಬೇಕಾಗಿತ್ತು. ಕಾಲಕ್ರಮೇಣ ಜಿಲ್ಲಾ ಕಾರ್ಯಕ್ರಮವು ಈ ದಡಕ್ಕೂ ಬಂದಿತು. ಕರ್ನಾಟಕ ಸರ್ಕಾರವು 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋವೈದ್ಯ ಸೇವೆಯನ್ನು ಏರ್ಪಡಿಸಿತು. 2015ರಲ್ಲಿ ಕೊಪ್ಪಳಕ್ಕೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಬಂದಿತು. 2022ರಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆಗೆ 14416 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಬಳ್ಳಾರಿಯ ಪಾಠವು ವ್ಯಾಪಾರಿಗಳಿಗೆ ಸುಲಭವಾಗಿ ಅರ್ಥವಾಗುವಂಥದು. ಅಲ್ಲಿ ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಆಗಲೇ ಇದ್ದ ಕೆಲವೇ ಸರಕುಗಳನ್ನು ಮನೆಯ ಹತ್ತಿರದ ಅಂಗಡಿಗೆ ತಂದು, ದಾಸ್ತಾನು ಬರಿದಾಗದಂತೆ ನೋಡಿಕೊಂಡು, ಖಾತೆಯನ್ನು ನೇರವಾಗಿ ಬರೆದರು. ಹುಳ್ಳ ದಂಡನಾಯಕನ ದತ್ತಿಯ ತತ್ತ್ವವೂ ಇದೇ.

ಶ್ರಾವಕರ ಸಂದೇಹಗಳು

ರೋಗವು ಅಸಾತಾವೇದನೀಯ ಕರ್ಮದ ಫಲವಾದ ಮೇಲೆ ಔಷಧವೇಕೆಂದು ಕೆಲವರು ಕೇಳುವುದುಂಟು. ಹಾಗೆಂದರೆ ಹಸಿವಿಗೂ ಅದೇ ಮಾತು ಸಲ್ಲಬೇಕು, ಆಹಾರದಾನವೂ ವ್ಯರ್ಥವಾಗಬೇಕು. ಆಚಾರ್ಯರು ಭೈಷಜ್ಯವನ್ನು ಚತುರ್ವಿಧ ದಾನಗಳಲ್ಲಿ ಸೇರಿಸಿರುವುದೇ ಈ ಸಂದೇಹಕ್ಕೆ ಉತ್ತರ.

ಎರಡನೆಯದು ರಾತ್ರಿಭೋಜನ ತ್ಯಾಗದ ಪ್ರಶ್ನೆ. ಮನಸ್ಸಿನ ಹಲವು ಮಾತ್ರೆಗಳು ನಿದ್ರೆ ತರುವುದರಿಂದ ವೈದ್ಯರು ಮಲಗುವ ಮುನ್ನ ತೆಗೆದುಕೊಳ್ಳಲು ಹೇಳುತ್ತಾರೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದವರು ಸಂಕೋಚದಿಂದ ಬಾಯಿಬಿಡದೆ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಕೆಲವು ತಿಂಗಳಲ್ಲಿ ರೋಗ ಮರಳುತ್ತದೆ. ವೈದ್ಯರಿಗೆ ವ್ರತವನ್ನು ಮೊದಲೇ ತಿಳಿಸಿದರೆ ಅನೇಕ ವೇಳೆ ಹೊತ್ತನ್ನು ಸಂಜೆಗೆ ತರಲು, ಇಲ್ಲವೆ ಬೇರೆ ಔಷಧವನ್ನು ಕೊಡಲು ಸಾಧ್ಯ. ಅದು ಸಾಧ್ಯವಾಗದಾಗ ಗುರುಗಳ ಬಳಿ ವ್ರತದ ವಿಷಯವನ್ನು ನಿವೇದಿಸಿಕೊಳ್ಳಬೇಕು. ತಾನೇ ತೀರ್ಮಾನಿಸಿ ಔಷಧವನ್ನು ನಿಲ್ಲಿಸಬಾರದು.

ಮೂರನೆಯದು ಉಪವಾಸ. ಪರ್ಯೂಷಣದಲ್ಲಿ, ದಶಲಕ್ಷಣ ಪರ್ವದಲ್ಲಿ ನಿರ್ಜಲ ಉಪವಾಸ ಮಾಡುವವರಲ್ಲಿ ಯಾರಾದರೂ ಲೀಥಿಯಂ ಸೇವಿಸುತ್ತಿದ್ದರೆ ಬಹಳ ಎಚ್ಚರ ಬೇಕು. ಶರೀರದಲ್ಲಿ ನೀರು ಕಡಿಮೆಯಾದಾಗ ಲೀಥಿಯಂ ರಕ್ತದಲ್ಲಿ ಏರಿ ವಾಂತಿ, ನಡುಕ, ಮಂಪರು ಉಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಬರಿಹೊಟ್ಟೆಯಲ್ಲಿ ಡೈಕ್ಲೊಫೆನಾಕ್, ಐಬುಪ್ರೊಫೆನ್ ನುಂಗುವುದೂ ಸಲ್ಲದು. ಇಂಥವರು ವೈದ್ಯರ ಒಪ್ಪಿಗೆಯಿಲ್ಲದೆ ಉಪವಾಸ ಹಿಡಿಯದೆ, ಸ್ವಾಧ್ಯಾಯ-ಜಪಗಳಿಂದ ಪರ್ವವನ್ನು ಆಚರಿಸಿದರೆ ಧರ್ಮಕ್ಕೆ ಲೋಪವಿಲ್ಲ. ಬಾಹ್ಯತಪಸ್ಸಿನಂತೆ ಅಭ್ಯಂತರ ತಪಸ್ಸೂ ತಪಸ್ಸೇ.

ನಾಲ್ಕನೆಯದು ಔಷಧದ ದ್ರವ್ಯ. ಕ್ಯಾಪ್ಸೂಲಿನ ಹೊದಿಕೆಯು ಸಾಮಾನ್ಯವಾಗಿ ಪ್ರಾಣಿಗಳ ಮೂಳೆ-ಚರ್ಮದಿಂದ ಮಾಡಿದ ಜೆಲಟಿನ್. ಉಗ್ರಾದಿತ್ಯರ ಪರಂಪರೆಯವರಿಗೆ ಇದು ಸಣ್ಣ ವಿಷಯವಲ್ಲ. ಅದೇ ಔಷಧವು ಅನೇಕ ವೇಳೆ ಮಾತ್ರೆಯ ರೂಪದಲ್ಲಿ ದೊರೆಯುತ್ತದೆ. ಸಸ್ಯಮೂಲದ ಹೊದಿಕೆಯ ಕ್ಯಾಪ್ಸೂಲುಗಳೂ ಇವೆ. ಕೇಳಿ ಪಡೆಯುವುದು ಗ್ರಾಹಕನ ಹಕ್ಕು. ದೊರೆಯಲಿಲ್ಲವೆಂದು ಚಿಕಿತ್ಸೆಯನ್ನು ಮಧ್ಯದಲ್ಲಿ ಕೈಬಿಡುವ ಮುನ್ನ ವೈದ್ಯರೊಡನೆ ಮಾತನಾಡಲೇಬೇಕು.

ಕೊನೆಯದು ಅತ್ಯಂತ ಗಂಭೀರವಾದದ್ದು. ಖಿನ್ನತೆಯಲ್ಲಿ ಮುಳುಗಿದ ಹಿರಿಯರೊಬ್ಬರು ಅನ್ನ ಬೇಡವೆನ್ನುತ್ತಾರೆ, ಬದುಕು ಸಾಕೆನ್ನುತ್ತಾರೆ. ಮನೆಯವರು ಅದನ್ನು ವೈರಾಗ್ಯವೆಂದು ಭಾವಿಸಬಹುದು. ಆದರೆ ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯವು ಸಲ್ಲೇಖನದ ಅತಿಚಾರಗಳನ್ನು ಹೇಳುವಾಗ ಬದುಕುವ ಆಸೆಯೊಡನೆ ಸಾಯುವ ಆಸೆಯನ್ನೂ, ಅಂದರೆ ಮರಣಾಶಂಸೆಯನ್ನೂ ದೋಷವೆಂದೇ ಎಣಿಸಿದೆ. ಸಲ್ಲೇಖನವು ಸಮತೆಯಿಂದ, ಗುರುಸಾನ್ನಿಧ್ಯದಲ್ಲಿ ನಡೆಯತಕ್ಕದ್ದು; ಹತಾಶೆಯಿಂದ ಸಾವನ್ನು ಬಯಸುವುದು ಮನಸ್ಸು ಕಾಯಿಲೆ ಬಿದ್ದುದರ ಲಕ್ಷಣ. ಅಂಥವರಿಗೆ ಬೇಕಾದದ್ದು ವೈದ್ಯರು, ಮದ್ದು ಮತ್ತು ಒಂಟಿಯಾಗಿ ಬಿಡದ ಮನೆ. ಕೊಪಣದ ನಿಸಿದಿಗಳ ಗೌರವವನ್ನು ಕಾಪಾಡಬೇಕಾದವರು ಈ ವ್ಯತ್ಯಾಸವನ್ನು ಮೊದಲು ಅರಿಯಬೇಕು.

ಟ್ರಸ್ಟುಗಳ ಕರ್ತವ್ಯ

ಬಸದಿಯ ಟ್ರಸ್ಟುಗಳು ಔಷಧವನ್ನು ಸ್ವತಃ ಹಂಚಬೇಕಾಗಿಲ್ಲ. ಇವು ವೈದ್ಯರ ಚೀಟಿಯಿಲ್ಲದೆ ಕೊಡಬಾರದ ಮದ್ದುಗಳು. ಆದರೆ ಬಡ ಕುಟುಂಬವೊಂದರ ಚೀಟಿಯಂತೆ ಪ್ರತಿ ತಿಂಗಳೂ ಮಾತ್ರೆ ಕೊಡಿಸುವುದು, ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು ಕೊಡುವುದು, ಹೆಸರು ಹೊರಗೆ ಬಾರದಂತೆ ಕಾಯುವುದು ಅವುಗಳಿಗೆ ಸಾಧ್ಯ. ಒಂದು ದಿನದ ದೊಡ್ಡ ಶಿಬಿರಕ್ಕಿಂತ ಹನ್ನೆರಡು ತಿಂಗಳು ತಪ್ಪದ ಸಣ್ಣ ನೆರವು ಈ ವ್ಯಾಧಿಗಳಿಗೆ ಹೆಚ್ಚು ಫಲಕಾರಿ. ವರ್ಷದ ಕೊನೆಯಲ್ಲಿ ಜಮಾ-ಖರ್ಚು ಬರೆಯುವಾಗ ಎಷ್ಟು ಜನರಿಗೆ ಕೊಟ್ಟೆವೆಂಬುದರ ಜೊತೆಗೆ ಎಷ್ಟು ಜನರಿಗೆ ಒಂದು ತಿಂಗಳೂ ತಪ್ಪಲಿಲ್ಲವೆಂಬುದನ್ನೂ ಬರೆದರೆ ಆ ಲೆಕ್ಕ ನಿಜವಾದ ಲೆಕ್ಕವಾಗುತ್ತದೆ.

ಹುಳ್ಳನು ಕೊಪಣಕ್ಕೆ ಭೂಮಿಯನ್ನು ಬಿಟ್ಟದ್ದು ಅನ್ನವು ನಾಳೆಯೂ ಇರಲೆಂದು. ಅಳವಂಡಿಯಂಥ ಊರಿನಲ್ಲಿ ಬಾಗಿಲು ಮುಚ್ಚಿಕೊಂಡು ಕುಳಿತ ಒಂದು ಮನೆಗೆ ಮುಂದಿನ ತಿಂಗಳ ಮಾತ್ರೆ ತಪ್ಪದೆ ತಲುಪಿದರೆ, ಅದು ಆ ಹಳೆಯ ದತ್ತಿಯ ಮುಂದುವರಿಕೆಯೇ ಆಗುತ್ತದೆ.